ನಾಗರತ್ನಮ್ಮನ ಎದುರು ಮನೆ

ಯುಗಾದಿಯ ಹಿಂದಿನ ದಿನ ಮಾರ್ಕೆಟ್ಟಿನಲ್ಲಿ ಬೇವಿನ ಸೊಪ್ಪನ್ನು ಕಟ್ಟು ಕಟ್ಟಿ ಮಾರುತ್ತಾರೆ. ಈ ಸಲ ನನ್ನ ಮಗಳು ಒಂದು ಕಟ್ಟು ತಂದು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟಳು. ಆ ಹಸಿ ಕಹಿ ವಾಸನೆ ಮೂಗಿಗೆ ಬಡಿದರೆ ಬೇರೆಯವರಿಗೆ ಹಬ್ಬ, ಹೋಳಿಗೆ, ಹೊಸ ಬಟ್ಟೆ ನೆನಪಾಗುತ್ತದೆ. ನನಗೆ ನಾಗರತ್ನಮ್ಮ ನೆನಪಾಗುತ್ತಾಳೆ. ಇಷ್ಟು ವರ್ಷವಾದರೂ ಆ ಹೆಸರು ಬಾಯಿಗೆ ಬಂದರೆ ಹಲ್ಲು ತಾನಾಗಿ ಕಚ್ಚಿಕೊಳ್ಳುತ್ತದೆ. ಇನ್ನೂ ಅದನ್ನು ಬಿಟ್ಟಿಲ್ಲವಾ ಎಂದು ಮಗಳು ನಗುತ್ತಾಳೆ. ಬಿಡುವುದಕ್ಕೆ ಅದೇನು ಎಲೆಅಡಿಕೆ ಚಟವೇ?

ಎಂಬತ್ತನೇ ಇಸವಿಯ ಆಚೀಚೆಯ ಮಾತು. ನಮ್ಮ ಯಜಮಾನರು ಕರೆಂಟ್ ಆಫೀಸಿನಲ್ಲಿ ಮೀಟರ್ ರೀಡರ್ ಆಗಿದ್ದರು. ಗುಬ್ಬಿಯಿಂದ ತುಮಕೂರಿಗೆ ವರ್ಗವಾಯಿತು. ಕಡಬದಲ್ಲಿ ಹುಟ್ಟಿ ಗುಬ್ಬಿಗೆ ಸೊಸೆಯಾಗಿ ಬಂದ ನನಗೆ ತುಮಕೂರೇ ದೊಡ್ಡ ಪಟ್ಟಣ. ರಸ್ತೆ ದಾಟುವುದಕ್ಕೆ ಎರಡೂ ಕಡೆ ನೋಡಬೇಕು, ನಲ್ಲಿಗೆ ಟೈಮು ಇರುತ್ತದೆ, ಪಕ್ಕದ ಮನೆಯವರು ಯಾರ ಪೈಕಿ ಎಂದು ಕೇಳಿದರೆ ಯಾರಿಗೂ ಗೊತ್ತಿರುವುದಿಲ್ಲ. ಮಗ ಮಂಜನನ್ನು ಶಾಲೆಗೆ ಸೇರಿಸಬೇಕಿತ್ತು, ಮಗಳು ಸುಮ ಇನ್ನೂ ಸೊಂಟ ಬಿಟ್ಟು ಇಳಿಯದ ಕೂಸು. ನಾಲ್ಕು ಕಡೆ ನೋಡಿ ಆರಿಸುವಷ್ಟು ಪುರಸೊತ್ತಿರಲಿಲ್ಲ. ಸಿಕ್ಕಿದ್ದನ್ನು ಹಿಡಿದೆವು. ಅದೇ ಉಪ್ಪಾರಹಳ್ಳಿಯ ನಾಗರತ್ನಮ್ಮನ ವಠಾರ. ಕಾಂಪೌಂಡಿನೊಳಗೆ ಮುಂದೆ ಅವಳ ದೊಡ್ಡ ಮನೆ, ಹಿಂದೆ ಸಾಲಾಗಿ ಬಾಡಿಗೆಯ ಪುಟ್ಟ ಮನೆಗಳು, ಮಧ್ಯೆ ಎಲ್ಲರಿಗೂ ಸೇರಿ ಒಂದು ನಲ್ಲಿ.

ಅವಳಿಗೆ ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಒಬ್ಬನೇ ಮಗ, ರಾಜಶೇಖರ. ಮೊದಮೊದಲು ನಮ್ಮ ಮೇಲೆ ಎಲ್ಲಿಲ್ಲದ ಪ್ರೀತಿ. ಸಾರು ಮಾಡಿದರೆ ಒಂದು ಬಟ್ಟಲು ಕೊಡುವಳು, ನೀನು ನನ್ನ ಮಗಳಿದ್ದ ಹಾಗೆ ಕಣೇ ಎನ್ನುವಳು. ಕತ್ತಲಾದ ಮೇಲೆ ಲೈಟು ಹೆಚ್ಚು ಉರಿಸುತ್ತೀರಿ ಎಂದು ಮೀಟರ್ ರೀಡರ್ ಮನೆಯ ಫ್ಯೂಸನ್ನೇ ಕಿತ್ತವಳು ಅವಳು. ಅದನ್ನೂ ನಾವು ನಕ್ಕು ಸುಮ್ಮನಾದೆವು. ತಾಯಿಯಂಥವಳು, ಒಂದು ಮಾತು ಅಂದರೆ ಅನ್ನಲಿ ಎಂದುಕೊಂಡಿದ್ದೆ.

ಆ ಬೇಸಿಗೆಯಲ್ಲಿ ರಾಜಶೇಖರನಿಗೆ ಕುಣಿಗಲ್ಲಿನ ಹುಡುಗಿ ಗೊತ್ತಾಯಿತು. ಮನೆ ಮುಂದೆ ಚಪ್ಪರ ಹಾಕುವುದಕ್ಕೆ ಗಳ ಬಂದು ಬಿದ್ದಿದ್ದವು. ಹಪ್ಪಳ, ಸಂಡಿಗೆಗೆ ನಾನೂ ಬಿಸಿಲಲ್ಲಿ ಕೂತು ಕೈ ಹಾಕಿದ್ದೆ. ಆಗಲೇ ಸುಮಳಿಗೆ ಜ್ವರ ಬಂತು. ಮಾರನೆಯ ದಿನ ಬೆನ್ನ ಮೇಲೆ, ಹೊಟ್ಟೆಯ ಮೇಲೆ ನೀರುಗುಳ್ಳೆ ಎದ್ದವು. ಡಾಕ್ಟರು ಅದಕ್ಕೆ ಏನೋ ಹೆಸರು ಹೇಳುತ್ತಾರೆ, ನಮ್ಮ ಕಡೆ ಅದಕ್ಕೆ ಅಮ್ಮ ಆಗಿದೆ ಅನ್ನುವುದು. ಅಮ್ಮ ಆದರೆ ಮಗುವನ್ನು ಬೇವಿನ ಸೊಪ್ಪಿನ ಮೇಲೆ ಮಲಗಿಸುತ್ತಾರೆ, ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲ, ತಲೆಗೆ ನೀರು ಹಾಕುವ ತನಕ ಹೊಸಿಲು ದಾಟಿಸುವುದಿಲ್ಲ. ಬಾಗಿಲಿಗೆ ಒಂದು ಗೊಂಚಲು ಬೇವು ಕಟ್ಟುತ್ತಾರೆ. ಅದನ್ನು ಕಂಡವರು ಒಳಗೆ ಬರುವುದಿಲ್ಲ, ಮಕ್ಕಳಿರುವವರು ಆ ದಾರಿಯಲ್ಲೇ ಓಡಾಡುವುದಿಲ್ಲ. ನಾನೂ ಕಟ್ಟಿದೆ. ಅದು ದೇವಿಗೆ ತೋರಿಸುವ ಮರ್ಯಾದೆ, ಅಕ್ಕಪಕ್ಕದವರಿಗೆ ಕೊಡುವ ಸೂಚನೆ.

ನಾಗರತ್ನಮ್ಮ ಅದನ್ನು ನೋಡಿದಳು. ಏನೂ ಕೇಳಲಿಲ್ಲ. ಹೊಸಿಲ ಆಚೆಯೇ ನಿಂತು ಕೈ ಎತ್ತಿ ಆ ಗೊಂಚಲನ್ನು ಕಿತ್ತು ಸೆರಗಿನ ಕೆಳಗೆ ಮುಚ್ಚಿಕೊಂಡಳು. ದೇವರ ಸೊಪ್ಪನ್ನು ಕದ್ದ ಮಾಲಿನ ಹಾಗೆ ಬಚ್ಚಲ ಹಿಂದಕ್ಕೆ ಒಯ್ದು ಎಸೆದು ಬಂದು, ಆಮೇಲೆ ಬಾಯಿ ತೆರೆದಳು.

"ಚಪ್ಪರ ಏಳೋ ಮನೇಲಿ ಇದು ಕಾಣಬಾರ್ದು ಕಣೇ ಜಯಾ. ಬೀಗರು ನೋಡಿದ್ರೆ ಹಂಗೇ ವಾಪಸ್ ಹೋಗ್ತಾರೆ. ನೀನು ಮಗೂನ ಎತ್ಕೊಂಡು ಗುಬ್ಬಿಗೆ ಹೋಗು. ಅಮ್ಮ ಎಲ್ಲಿದ್ರೂ ಅಮ್ಮಾನೇ."

ಇನ್ನೂ ಒಂದು ನೀರೂ ಹಾಕಿಲ್ಲ, ಮೈಯೆಲ್ಲ ಹಸಿ ಇದೆ, ಬಿಸಿಲಿಗೆ ಒಯ್ಯಬಾರದು ಎಂದು ಕೈಮುಗಿದೆ. ಯಜಮಾನರು ಕೆಲಸದ ಮೇಲೆ ಹೋಗಿದ್ದರು. ನಮ್ಮನ್ನು ಒಳಗೇ ಇಟ್ಟು ಹೊರಗಿನಿಂದ ಬಾಗಿಲು ಹಾಕಿಬಿಡಿ, ಯಾರಿಗೂ ಮುಖ ತೋರಿಸುವುದಿಲ್ಲ ಎಂದೆ. ಅವಳು ಹೋಗಿ ನಲ್ಲಿಯ ಹತ್ತಿರ ನಿಂತಳು. ನನಗೆ ನೀರು ಹಿಡಿಯುವುದಕ್ಕೂ ಬಿಡಲಿಲ್ಲ. ಸಂಜೆ ಯಜಮಾನರು ಬಂದು ಅವಳ ಜೊತೆ ಮಾತಾಡಿದರು. ಅವರು ಜೋರು ಮಾಡುವ ಮನುಷ್ಯರಲ್ಲ. ತಲೆ ತಗ್ಗಿಸಿಕೊಂಡು ಬಂದು, ಬೆಳಿಗ್ಗೆ ಹೊರಡೋಣ ಎಂದರು.

ಬಸ್ಸಿನಲ್ಲಿ ಮಗುವಿಗೆ ನನ್ನ ಹಳೆಯ ಸೀರೆ ಹೊದಿಸಿ ಮಡಿಲಲ್ಲಿ ಮಲಗಿಸಿಕೊಂಡಿದ್ದೆ. ಅರ್ಧ ದಾರಿಯಲ್ಲಿ ಸೀರೆ ಸರಿಯಿತು. ಪಕ್ಕದಲ್ಲಿ ಕೂತಿದ್ದ ಹೆಂಗಸು ತನ್ನ ಮಗುವನ್ನು ಎಳೆದುಕೊಂಡು ಎದ್ದು ಹಿಂದಕ್ಕೆ ಹೋದಳು. ಅವಳನ್ನು ನಾನು ಬೈಯುವುದಿಲ್ಲ, ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಸೆಖೆಗೆ, ಧೂಳಿಗೆ ಸುಮ ಕೆರೆದುಕೊಂಡಳು. ಕೈ ಹಿಡಿದರೆ ಕಿರುಚುವಳು, ಬಿಟ್ಟರೆ ಕೆರೆಯುವಳು. ಹುಬ್ಬಿನ ಪಕ್ಕದ ಗುಳ್ಳೆ ಒಡೆದು ರಕ್ತ ಬಂತು. ಆ ಕಲೆ ಅವಳ ಮುಖದಲ್ಲಿ ಇವತ್ತಿಗೂ ಇದೆ. ಗಂಡಿನ ಕಡೆಯವರು ನೋಡುವುದಕ್ಕೆ ಬಂದಾಗಲೆಲ್ಲ ಮೊದಲು ಅದನ್ನೇ ನೋಡುತ್ತಿದ್ದರು.

ಗುಬ್ಬಿಯಲ್ಲಿ ಅತ್ತೆ ನೀರು ಹಾಕಿ, ಮಾರಮ್ಮನಿಗೆ ಮೊಸರನ್ನ ತಂಬಿಟ್ಟು ಒಯ್ದು, ಮಗು ಚೇತರಿಸಿಕೊಂಡಿತು. ಮದುವೆ ಮುಗಿದ ಮೇಲೆ ವಾಪಸು ಬಂದೆವು. ನಮ್ಮ ಮನೆಯ ಬಾಗಿಲಿಗೆ ಬೇರೆ ಬೀಗ ಬಿದ್ದಿತ್ತು. ಟ್ರಂಕು, ಹಾಸಿಗೆ ಸುರುಳಿ, ಸೀಮೆಎಣ್ಣೆ ಸ್ಟವ್, ನನ್ನ ತವರಿನ ಒರಳುಕಲ್ಲು ಎಲ್ಲ ಕಾಂಪೌಂಡಿನ ಮೂಲೆಯಲ್ಲಿ ಬಿಸಿಲಿಗೆ ಬಿದ್ದಿದ್ದವು. ಸೊಸೆಯ ತಮ್ಮ ತುಮಕೂರಿನಲ್ಲಿ ಕಾಲೇಜಿಗೆ ಸೇರುತ್ತಾನಂತೆ, ಅವನಿಗೆ ರೂಮು ಬೇಕಿತ್ತಂತೆ. ನಾಗರತ್ನಮ್ಮ ಅದನ್ನು ಹೇಳುವಾಗ ಹೊಸ ಸೊಸೆ ವಸಂತ ಹಿಂದೆ ನಿಂತು ಕೈಬೆರಳು ಹಿಸುಕಿಕೊಳ್ಳುತ್ತಿದ್ದಳು. ಆ ಹುಡುಗಿಯದು ಏನೂ ತಪ್ಪಿರಲಿಲ್ಲ.

ನಾನು ಜಗಳವಾಡಲಿಲ್ಲ, ಶಾಪ ಹಾಕಲಿಲ್ಲ, ಮಣ್ಣು ತೂರಲಿಲ್ಲ. ಒರಳುಕಲ್ಲನ್ನು ಕೈಗಾಡಿಗೆ ಎತ್ತುವಾಗ ಮನಸ್ಸಿನಲ್ಲೇ ಅಂದುಕೊಂಡೆ: ನೀನು ನನ್ನನ್ನು ಮನೆ ಬಿಡಿಸಿದೆ, ನಿನಗೆ ನಾನು ಈ ಊರನ್ನೇ ಬಿಡಿಸುತ್ತೇನೆ.

ಮಳೆಗಾಲದ ಮೊದಲಲ್ಲಿ ಮನೆ ಹುಡುಕಾಟ ಶುರುವಾಯಿತು. ಯಜಮಾನರು ಸ್ನೇಹಿತರೊಬ್ಬರ ಮನೆಯ ಜಗುಲಿಯಲ್ಲಿ ಮಲಗಿಕೊಳ್ಳುತ್ತಿದ್ದರು. ನಾನು ಮಕ್ಕಳು ಗುಬ್ಬಿಯಲ್ಲಿದ್ದು ಭಾನುವಾರ ರೈಲಿನಲ್ಲಿ ಬಂದು ಅವರ ಹಿಂದೆ ಸುತ್ತುತ್ತಿದ್ದೆವು. ಮೀಟರ್ ರೀಡರಿಗೆ ಒಂದು ಅನುಕೂಲವಿದೆ. ಬೋರ್ಡು ಬೀಳುವ ಮೊದಲೇ ಯಾವ ಮನೆ ಖಾಲಿಯಾಗುತ್ತದೆ ಎಂದು ಗೊತ್ತಾಗುತ್ತದೆ. ಸ್ಟೇಷನ್ ಹತ್ತಿರ ಒಂದು ಮನೆ ನೋಡಿದೆವು, ರೈಲು ಬಂದರೆ ಪಾತ್ರೆಗಳು ಕುಣಿಯುತ್ತಿದ್ದವು. ಚಿಕ್ಕಪೇಟೆಯ ಒಂದು ಮಹಡಿ ಮನೆಗೆ ಕಿಟಕಿಯೇ ಇರಲಿಲ್ಲ. ಇನ್ನೊಂದು ಕಡೆ ಓನರು ಮಕ್ಕಳು ಎಷ್ಟು ಹೊತ್ತಿಗೆ ಅಳುತ್ತವೆ ಎಂದು ಕೇಳಿದ.

ಆಮೇಲೆ ಕೋತಿತೋಪಿನ ಹತ್ತಿರ ಒಂದು ಮನೆ ಸಿಕ್ಕಿತು. ರೆಡ್ ಆಕ್ಸೈಡ್ ನೆಲ, ಸ್ವಂತ ನಲ್ಲಿ, ಹಿತ್ತಲಲ್ಲಿ ಸಪೋಟ ಗಿಡ. ರಸ್ತೆಯ ಆಚೆ ಶಾಲೆ, ಮಂಜ ಬೆಲ್ಲು ಹೊಡೆದ ಮೇಲೂ ಮನೆಯಿಂದ ಹೊರಟು ಹೋಗಬಹುದು. ಓನರು ರಿಟೈರಾದ ಮೇಷ್ಟ್ರು, ಅವರ ಹೆಂಡತಿ ನಾವು ಕೂರುವ ಮೊದಲೇ ಮಕ್ಕಳ ಕೈಗೆ ಕೋಡುಬಳೆ ಕೊಟ್ಟರು. ಯಜಮಾನರ ಮುಖ ಅರಳಿತು. ಮಂಜ ಆಗಲೇ ಸಪೋಟ ಗಿಡ ಹತ್ತಿ ಕೂತಿದ್ದ. ನಾನು ಮಾತ್ರ, ನೋಡಿ ಹೇಳುತ್ತೇವೆ ಎಂದು ಎದ್ದುಬಂದೆ.

ಏಕೆಂದರೆ ಅದರ ಹಿಂದಿನ ವಾರವೇ ಯಜಮಾನರ ಬಾಯಿಂದ ಒಂದು ಮಾತು ಜಾರಿತ್ತು. ನಾಗರತ್ನಮ್ಮನ ಕಾಂಪೌಂಡಿನ ಎದುರಿಗೆ, ರಸ್ತೆಯ ಈಚೆ ಬದಿಗೆ, ಒಂದು ಶೀಟ್ ಮನೆ ಖಾಲಿಯಾಗಿದೆ ಎಂದಿದ್ದರು. ಪಡುವಣ ಬಾಗಿಲು, ಮಧ್ಯಾಹ್ನದ ಮೇಲೆ ಬಿಸಿಲೆಲ್ಲ ಒಳಗೆ. ನೀರಿಗೆ ಬೀದಿಯ ನಲ್ಲಿ. ಮಂಡಿಪೇಟೆಯ ಸಾಬರೊಬ್ಬರ ಮನೆ ಅದು. ಯಾರೂ ಹೆಚ್ಚು ದಿನ ಇರುವುದಿಲ್ಲ ಎಂದು ಯಜಮಾನರು ನಗುತ್ತಾ ಹೇಳಿದ್ದರು. ನನಗೆ ಅದೇ ಬೇಕೆಂದು ಕೋತಿತೋಪಿನ ಗೇಟು ದಾಟಿದ ಕೂಡಲೇ ಹೇಳಿದೆ.

ಅವರು ನಡು ರಸ್ತೆಯಲ್ಲಿ ನಿಂತುಬಿಟ್ಟರು. "ನಾವು ಮಕ್ಕಳನ್ನ ಕಟ್ಕೊಂಡು ಮನೆ ಹುಡುಕ್ತಿದೀವಾ, ಜಗಳ ಹುಡುಕ್ತಿದೀವಾ?"

"ಎರಡೂ ಒಂದೇ ಕಡೆ ಸಿಕ್ತಲ್ಲ" ಎಂದೆ.

ಅವರು ಗುಬ್ಬಿಯ ರೈಲು ಹೊರಡುವ ತನಕ ನನ್ನ ಜೊತೆ ಮಾತಾಡಲಿಲ್ಲ. ಆದರೆ ನಾನು ಹಠ ಹಿಡಿದರೆ ಬಿಡುವವಳಲ್ಲ ಎಂದು ಅವರಿಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಅವತ್ತು ಸಂಜೆ ತಲೆ ತಗ್ಗಿಸಿ ಬಂದದ್ದು ಅವರಿಗೂ ನೆನಪಿತ್ತು ಎಂದು ಕಾಣುತ್ತದೆ. ಆಷಾಢಕ್ಕೆ ಮುಂಚೆ ಶೀಟ್ ಮನೆಗೆ ಹೋಗಿ ಹಾಲು ಉಕ್ಕಿಸಿದೆವು.

ನಾನು ಮಾಡಿದ ಮೊದಲ ಕೆಲಸ ಬಾಗಿಲಿಗೆ ಬೇವು ಕಟ್ಟಿದ್ದು. ಚಿಕ್ಕ ಗೊಂಚಲಲ್ಲ, ರಸ್ತೆಯ ತುದಿಯಿಂದ ಕಾಣುವಂಥ ಕೊಂಬೆ. ಸುಳ್ಳೇನೂ ಅಲ್ಲ. ಮಗು ಹುಷಾರಾದರೆ ವರ್ಷಪೂರ್ತಿ ಬಾಗಿಲಲ್ಲಿ ಸೊಪ್ಪು ಬಾಡಗೊಡುವುದಿಲ್ಲ ಎಂದು ಅವತ್ತು ಬಸ್ಸಿನಲ್ಲಿ ಹರಕೆ ಹೊತ್ತಿದ್ದೆ. ಹರಕೆ ಹೊತ್ತಿದ್ದು ಯಾವ ಮನೆಯ ಬಾಗಿಲಿಗೆ ಎಂದು ದೇವಿ ಕೇಳಿರಲಿಲ್ಲ, ಅದನ್ನು ನಾನು ಆರಿಸಿದೆ. ಮಂಗಳವಾರ, ಶುಕ್ರವಾರ ಹಿಟ್ಟಿನ ಗಿರಣಿಯ ಹಿಂದಿನ ಮರಕ್ಕೆ ನಾನೇ ಹೋಗಿ ಸೊಪ್ಪು ಮುರಿದು ತರುತ್ತಿದ್ದೆ. ಯಜಮಾನರು ಒಂದು ಎಲೆಯನ್ನೂ ಮುಟ್ಟಲಿಲ್ಲ.

ಶ್ರಾವಣದ ಹೊತ್ತಿಗೆ ಕೆಲಸ ಶುರುವಾಯಿತು. ವಸಂತಳ ತಮ್ಮ ಹಾಸ್ಟೆಲಿಗೆ ಹೋಗಿ ನಮ್ಮ ಹಳೆಯ ಮನೆ ಖಾಲಿಯಾಯಿತು. ಅದನ್ನು ನೋಡುವುದಕ್ಕೆ ಗಂಡ ಹೆಂಡತಿ ಇಬ್ಬರು ಕೈಕೂಸಿನ ಜೊತೆ ಬಂದರು. ನಾನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ನಾಗರತ್ನಮ್ಮ ನಗುನಗುತ್ತಾ ಗೇಟು ತೆಗೆದಳು. ಆ ಹೆಂಗಸು ಒಳಗೆ ಹೋಗುವ ಮುನ್ನ ಸುಮ್ಮನೆ ಹಿಂದೆ ತಿರುಗಿದಳು. ಕಣ್ಣು ನಮ್ಮ ಬಾಗಿಲಿಗೆ ಬಿತ್ತು. ಗಂಡನ ತೋಳು ಮುಟ್ಟಿ ಏನೋ ಅಂದಳು. ಇಬ್ಬರೂ ಮನೆ ನೋಡದೆಯೇ ತಿರುಗಿ ಹೋದರು. ನಾಗರತ್ನಮ್ಮ ಹಿಂದಿನಿಂದ, ಅದು ಸುಮ್ಮನೆ ಕಟ್ಟಿದ್ದು, ಮಗುವಿಗೆ ಏನೂ ಆಗಿಲ್ಲ ಎಂದು ಕೂಗುತ್ತಲೇ ಇದ್ದಳು. ಕೈಕೂಸು ಇಟ್ಟುಕೊಂಡು ಯಾರು ಪರೀಕ್ಷೆ ಮಾಡುತ್ತಾರೆ? ಅವತ್ತು ನನ್ನ ಹೊಟ್ಟೆ ತಣ್ಣಗಾಯಿತು. ಮಕ್ಕಳಿಗೆ ಪಾಯಸ ಮಾಡಿದೆ.

ಆಮೇಲೆ ಹೀಗೇ ನಡೆಯಿತು. ದೀಪಾವಳಿಯ ಹೊತ್ತಿಗೆ ವಠಾರದ ಹಳಬರಲ್ಲೂ ಮಕ್ಕಳಿದ್ದವರು ಬಿಟ್ಟು ಹೋದರು. ನಾಗರತ್ನಮ್ಮ ನಮ್ಮ ಶೀಟ್ ಮನೆಯ ಸಾಬರ ಹತ್ತಿರ ದೂರು ಒಯ್ದಳಂತೆ. ಅವರು, ಬಾಗಿಲಿಗೆ ಬೇವಾದರೂ ಕಟ್ಟಲಿ ಮಾವಾದರೂ ಕಟ್ಟಲಿ, ಬಾಗಿಲು ಮುರಿಯದೆ ಇದ್ದರೆ ಸರಿ ಎಂದು ಕಳಿಸಿದರಂತೆ. ಇದನ್ನು ಯಜಮಾನರಿಗೆ ಹೇಳಿ ನಾನೊಬ್ಬಳೇ ನಕ್ಕೆ.

ಪುಕ್ಕಟೆಯಾಗಿ ಆದದ್ದೇನೂ ಅಲ್ಲ. ಹಾಲಿನವಳು ನಮ್ಮ ಮೆಟ್ಟಿಲು ಹತ್ತುತ್ತಿರಲಿಲ್ಲ, ನಾನೇ ರಸ್ತೆಗೆ ಪಾತ್ರೆ ಒಯ್ದು ಎತ್ತರದಿಂದ ಹುಯ್ಯಿಸಿಕೊಳ್ಳಬೇಕು. ಮಂಜ ಶಾಲೆಯ ಗೆಳೆಯರನ್ನು ಕರೆದರೆ ಅವರು ದೂರದ ಕಂಬದ ತನಕ ಬಂದು ನಿಲ್ಲುವರು. ಅವನ ಹುಟ್ಟಿದಹಬ್ಬಕ್ಕೆ ಮಾಡಿದ ಚಕ್ಕುಲಿಯನ್ನು ನಾವು ನಾಲ್ವರೇ ತಿಂದೆವು. ಶೀಟಿನ ಕಾವಿಗೆ ಮಕ್ಕಳ ಕತ್ತಲ್ಲಿ ಬೆವರುಸಾಲೆ ಏಳುತ್ತಿತ್ತು. ಸುಮ ಕಿಟಕಿಯ ಸರಳು ಹಿಡಿದು, ಎದುರು ಕಾಂಪೌಂಡಿನ ಮಕ್ಕಳು ಒಬ್ಬೊಬ್ಬರೇ ಖಾಲಿಯಾಗುವುದನ್ನು ನನ್ನ ಹಾಗೆಯೇ ನೋಡುತ್ತಿದ್ದಳು. ಅವಳಿಗೆ ಅದು ಆಡುವುದಕ್ಕೆ ಇದ್ದವರು ಹೋದದ್ದು, ನನಗೆ ಗೆಲುವು.

ಒಂದು ದಿನ ಊಟಕ್ಕೆ ಕೂತಾಗ ಯಜಮಾನರು ತಟ್ಟೆ ಸರಿಸಿದರು. "ಸೊಪ್ಪು ಅವಳ ಬಾಗಿಲಲ್ಲಿಲ್ಲ ಜಯಾ, ನಮ್ಮ ಬಾಗಿಲಲ್ಲಿದೆ. ಹುಡುಗ ಮಾತೇ ಕಡಿಮೆ ಮಾಡವ್ನೆ, ನೋಡಿದೀಯಾ? ನಾನು ಗುಬ್ಬಿಗೇ ವಾಪಸ್ ವರ್ಗ ಕೇಳ್ತೀನಿ."

ಕೇಳಿ, ಹೋಗಿ, ನಾನು ಮಾತ್ರ ಇಲ್ಲಿಂದ ಅಲ್ಲಾಡುವುದಿಲ್ಲ ಎಂದೆ. ಅವರು ಹೋಗಲಿಲ್ಲ. ಆದರೆ ಅವತ್ತಿನಿಂದ ಭಾನುವಾರ ಬಂದರೆ ಮಕ್ಕಳನ್ನು ಸೈಕಲ್ಲಿನ ಮೇಲೆ ಕೂರಿಸಿಕೊಂಡು ಎಲ್ಲಿಗೋ ಹೊರಟುಬಿಡುವರು. ಕೋತಿತೋಪಿನ ಮೇಷ್ಟ್ರ ಮನೆಗೆ ಎಂದು ಆಮೇಲೆ ಮಂಜನಿಂದ ಗೊತ್ತಾಯಿತು. ಆ ಮನೆಗೆ ಆಗಲೇ ಬೇರೆ ಬಾಡಿಗೆಯವರು ಬಂದಿದ್ದರು. ಆದರೂ ಮೇಷ್ಟ್ರ ಹೆಂಡತಿ ಇವರನ್ನು ಕೂರಿಸಿ ತಿಂಡಿ ಕೊಡುತ್ತಿದ್ದರಂತೆ. ಅದನ್ನು ಕೇಳಿದ ದಿನ ಮಂಜನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದೆ. ಹಾಗೆಂದು ಸೊಪ್ಪು ತೆಗೆಯಲಿಲ್ಲ.

ಸಂಕ್ರಾಂತಿ ಕಳೆದು ಅವರೆಕಾಯಿ ಇನ್ನೂ ಸಿಗುತ್ತಿದ್ದ ದಿನಗಳು. ಮೆಟ್ಟಿಲ ಮೇಲೆ ಕೂತು ಕಾಯಿ ಸುಲಿಯುತ್ತಿದ್ದೆ. ನಾಗರತ್ನಮ್ಮ ರಸ್ತೆ ದಾಟಿ ಬಂದು ನಿಂತಳು. ಇಷ್ಟು ತಿಂಗಳಲ್ಲಿ ಅದೇ ಮೊದಲು. ಇಳಿದುಹೋಗಿದ್ದಳು. ನಾನು ಏಳಲಿಲ್ಲ, ಕೂರಿ ಅನ್ನಲಿಲ್ಲ.

"ಶುಕ್ರವಾರ ವಸಂತನ ಸೀಮಂತ" ಎಂದಳು. "ಕುಣಿಗಲ್ಲಿಂದ ಜನ ಬರ್ತಾರೆ. ಬಸುರಿ ಹೆಂಗಸಿಗೆ ಎದುರಿಗೇ ಇದು ಕಂಡ್ರೆ ಚೆನ್ನಾಗಿರಲ್ಲ ಕಣವ್ವ. ಒಂದಿನ ತೆಗೆದಿಡು."

"ಹರಕೆ ಕಣಮ್ಮ. ನಾನು ತೆಗೆಯೋ ಹಾಗಿಲ್ಲ."

"ನಿನ್ನ ಮಗು ಹುಷಾರಾಗಿ ಓಡಾಡ್ಕೊಂಡೈತಲ್ಲೇ."

"ಓಡಾಡ್ಕೊಂಡಿದೆ. ನಿಮ್ಮನೇಲಿ ಹುಷಾರಾಗೋಕೆ ಬಿಡಲಿಲ್ಲ, ಅಷ್ಟೇ."

ಅವಳ ಕಣ್ಣು ನನ್ನ ತಲೆಯ ಮೇಲಿದ್ದ ಕೊಂಬೆಯ ಮೇಲೆ ಇತ್ತು. ಈ ಸಲ ಕೈ ಎತ್ತಿ ಕೀಳುವ ಧೈರ್ಯ ಅವಳಿಗೆ ಇರಲಿಲ್ಲ. ವಸಂತ ಎದುರು ಗೇಟಿನ ಹತ್ತಿರ ಬಂದು, ನಮ್ಮ ಬಾಗಿಲ ಕಡೆ ನೋಡದ ಹಾಗೆ ಮುಖ ತಿರುಗಿಸಿ ನಿಂತಿದ್ದಳು.

"ತಪ್ಪಾಯ್ತು ಜಯಾ" ಎಂದಳು ನಾಗರತ್ನಮ್ಮ.

ಈ ಮಾತನ್ನು ಕೇಳುವುದಕ್ಕೆ ನಾನು ಎಷ್ಟು ಕಾದಿದ್ದೆ. ಕೇಳಿದರೆ ಕೋಪ ಇಳಿಯುತ್ತದೆ ಎಂದುಕೊಂಡಿದ್ದೆ. ಇಳಿಯಲಿಲ್ಲ. ಕಾಯಿ ಸುಲಿಯುವ ಕೈ ನಿಲ್ಲಿಸದೆ ಹೇಳಿದೆ: "ವಸಂತನ್ನ ಕರ್ಕೊಂಡು ಕುಣಿಗಲ್‌ಗೆ ಹೋಗಿ. ಸೀಮಂತ ಎಲ್ಲಿ ಮಾಡಿದ್ರೂ ಸೀಮಂತಾನೇ."

ಅವಳಿಗೆ ತನ್ನ ಮಾತು ಗುರುತು ಸಿಕ್ಕಿತು. ಮುಖ ಸುಟ್ಟ ಬದನೆಕಾಯಿಯಾಯಿತು. ತಿರುಗಿ ರಸ್ತೆ ದಾಟಿದಳು.

ಸೀಮಂತ ಕುಣಿಗಲ್ಲಿನಲ್ಲೇ ಆಯಿತು. ವಸಂತ ಅಲ್ಲಿಂದ ವಾಪಸು ಬರಲಿಲ್ಲ. ಹೆರಿಗೆ ಅಲ್ಲೇ, ಬಾಣಂತನ ಅಲ್ಲೇ. ಎದುರಿಗೆ ಯಾವಾಗಲೂ ಅಮ್ಮ ಕೂತಿರುವ ಮನೆಗೆ ಎಳೆಗೂಸನ್ನು ಕಳಿಸುವುದಿಲ್ಲ ಎಂದು ಬೀಗರು ಖಡಾಖಂಡಿತವಾಗಿ ಹೇಳಿಬಿಟ್ಟರು. ರಾಜಶೇಖರ ಮೊದಲು ಶನಿವಾರ ಭಾನುವಾರ ಹೋಗಿ ಬರುತ್ತಿದ್ದ. ಆಮೇಲೆ ಮಾವನ ಜೊತೆ ಅಂಗಡಿ ಎಂದು ಅಲ್ಲೇ ನಿಂತ. ನಾಗರತ್ನಮ್ಮನಿಗೆ ಮೊಮ್ಮಗನನ್ನು ನೋಡಬೇಕಾದರೆ ಬಸ್ಸು ಹತ್ತಬೇಕಾಯಿತು. ಒಂದು ದಿನ ಗೇಟಿಗೆ ಹಲಗೆ ಬಿತ್ತು: ವಠಾರ ಮಾರಾಟಕ್ಕಿದೆ. ಕೊಳ್ಳುವವರು ಮನೆ ಮುರಿದು ಹೊಸದು ಕಟ್ಟುವವರು, ಅವರಿಗೆ ಎದುರು ಬಾಗಿಲಿನ ಸೊಪ್ಪು ಲೆಕ್ಕಕ್ಕಿರಲಿಲ್ಲ.

ಮತ್ತೆ ಮಳೆಗಾಲ ಬರುವ ಹೊತ್ತಿಗೆ, ಕುಣಿಗಲ್ಲಿಗೆ ಸಾಮಾನು ಒಯ್ಯುವ ಲಾರಿ ಬಂತು. ಬೀರು, ಮಂಚ, ಮದುವೆಗೆ ತಂದಿದ್ದ ದೊಡ್ಡ ಕೊಳದಪ್ಪಲೆ ಎಲ್ಲ ಏರಿತು. ನಾನು ಸುಮಳನ್ನು ಎತ್ತಿಕೊಂಡು ಮೆಟ್ಟಿಲ ಮೇಲೆ ನಿಂತು, ಲಾರಿ ಹೊರಡುವ ತನಕ ಒಳಗೆ ಹೋಗದೆ ನೋಡಿದೆ. ನಾಗರತ್ನಮ್ಮ ತುಳಸಿ ಕುಂಡವನ್ನು ಮಡಿಲಲ್ಲಿ ಇಟ್ಟುಕೊಂಡು ಡ್ರೈವರ್ ಪಕ್ಕ ಕೂತಿದ್ದಳು. ನನ್ನ ಕಡೆ ತಿರುಗಲಿಲ್ಲ. ತಿರುಗಿದ್ದರೆ ನಾನು ನಗುತ್ತಿದ್ದೆನೋ, ಕೈ ಬೀಸುತ್ತಿದ್ದೆನೋ ಹೇಳಲಾರೆ. ನೋಡಿದವರು ಪಾಪ ಎಂದರು. ನನಗೆ ಪಾಪ ಅನ್ನಿಸಲಿಲ್ಲ. ಇವತ್ತಿಗೂ ಅನ್ನಿಸುವುದಿಲ್ಲ.

ಸಂಜೆ ಯಜಮಾನರು ಕೆಲಸದಿಂದ ಬಂದು ಸೈಕಲ್ಲು ನಿಲ್ಲಿಸುವ ಮೊದಲೇ ಹೇಳಿದೆ, ಬೇರೆ ಮನೆ ನೋಡಿ ಎಂದು. ಎಂಥ ಮನೆ ಎಂದು ಕೇಳಿದರು. ಮಕ್ಕಳಿಗೆ ನೆರಳಿರಬೇಕು, ಅಕ್ಕಪಕ್ಕ ಆಡುವುದಕ್ಕೆ ಹುಡುಗರಿರಬೇಕು, ಶಾಲೆ ಹತ್ತಿರ ಇರಬೇಕು ಎಂದೆ. ಅವರು ಸೈಕಲ್ಲಿಗೆ ಸ್ಟ್ಯಾಂಡು ಹಾಕಿದರು. ಬಟವಾಡಿಯಲ್ಲಿ ಒಂದನ್ನು ಆಗಲೇ ನೋಡಿ ಇಟ್ಟಿದ್ದೇನೆ ಎಂದರು.

ಭಾನುವಾರ ಎಲ್ಲರೂ ಹೋದೆವು. ಹಂಚಿನ ಮನೆ, ಮುಂದೆ ಹೊಂಗೆ ಮರ. ಅದರ ಕೆಳಗೆ ಹುಡುಗರು ಗೋಲಿ ಆಡುತ್ತಿದ್ದರು. ಮಂಜ ಸ್ವಲ್ಪ ಹೊತ್ತು ದೂರದಲ್ಲೇ ನಿಂತ, ಕಂಬದ ಹತ್ತಿರ ಅವನ ಗೆಳೆಯರು ನಿಲ್ಲುತ್ತಿದ್ದ ಹಾಗೆ. ಯಾರೋ ಕರೆದ ಮೇಲೆ ಹೋಗಿ ಕುಕ್ಕರಗಾಲಲ್ಲಿ ಕೂತ. ಓನರಿನ ಹೆಂಡತಿ ನಮ್ಮನ್ನು ಚಾಪೆಯ ಮೇಲೆ ಕೂರಿಸಿ, ಈಗ ಎಲ್ಲಿದ್ದೀರಿ ಎಂದು ವಿಚಾರಿಸಿದಳು.

"ಉಪ್ಪಾರಹಳ್ಳಿ ಒಳ್ಳೇ ಜಾಗ ಅಲ್ವಾ? ಯಾಕೆ ಬಿಡ್ತಾ ಇದೀರಾ?"

ಯಜಮಾನರು ಶೀಟು, ಸೆಖೆ, ಬೀದಿ ನಲ್ಲಿ ಎಂದು ಶುರುಮಾಡಿದರು. ನಾನು ನಡುವೆ ಬಾಯಿ ಹಾಕಿದೆ.

"ಅಲ್ಲಿ ನನ್ನ ಕೆಲಸ ಮುಗೀತು."

ಆಕೆ ನಾನೂ ನೌಕರಿಯಲ್ಲಿದ್ದವಳು ಎಂದುಕೊಂಡು, ಎಲ್ಲಿಗೆ ವರ್ಗ ಆಯಿತು ಎಂದು ಕೇಳಿದಳು. ಯಜಮಾನರು ನೆಲ ನೋಡುತ್ತಾ ಕೂತರು. ಕುಣಿಗಲ್ಲಿಗೆ ಎಂದೆ, ಆದರೆ ವರ್ಗವಾದದ್ದು ನನಗಲ್ಲ.